ಮಾಸ್ಟರ್ ರಿಲೇ

ಸದಲಗಾದ ಭಾವುಸಾಹೇಬ ಹಳೆಯ ವಿಮಾನವೊಂದನ್ನು ಕೊಂಡಾಗ, ಹೆಂಡತಿಗೆ ಹೇಳುವುದಕ್ಕೂ ಮೊದಲು ನಿಪ್ಪಾಣಿಯ ತುಕಾರಾಮನಿಗೆ ಫೋನ್ ಮಾಡಿದ್ದ. ಇಬ್ಬರೂ ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಆಮೇಲೆ ಭಾವುಸಾಹೇಬ ಅಪ್ಪನ ಕಬ್ಬಿನ ಹೊಲ ನೋಡಿಕೊಂಡು ಊರಲ್ಲೇ ಉಳಿದ. ತುಕಾರಾಮ ವಾಯುಪಡೆ ಸೇರಿ ವಿಮಾನಗಳ ವೈರಿಂಗ್ ಕೆಲಸ ಮಾಡಿದ. ನಿವೃತ್ತನಾಗಿ ಬಂದ ಮೇಲೆ ಹೈವೇ ಪಕ್ಕ ಲಾರಿಗಳ ಡೈನಮೊ, ಸ್ಟಾರ್ಟರ್ ರಿಪೇರಿ ಮಾಡುವ ಅಂಗಡಿ ಹಾಕಿದ.

"ತುಕ್ಯಾ, ವಿಮಾನ ತಗೊಂಡೇನಿ. ಎರಡ ಸೀಟಿಂದು. ನೀ ಬರಲಿಲ್ಲಂದ್ರ ಅದು ಬರೇ ತಗಡು," ಎಂದಿದ್ದ ಭಾವುಸಾಹೇಬ. ಆ ಮಾತನ್ನು ತುಕಾರಾಮ ಎಷ್ಟೋ ದಿನ ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಸಿಕೊಂಡ.

ಅದು ೨೦೧೦ರ ದೀಪಾವಳಿಯ ಹೊತ್ತು. ವಿಮಾನ ಹಾರಿಸುವ ಆಸೆ ಭಾವುಸಾಹೇಬನಿಗೆ ಇರಲಿಲ್ಲ. ಹೊಲದ ಶೆಡ್ಡಿನ ಮುಂದೆ ಎಂಜಿನ್ ಒಮ್ಮೆ ತಿರುಗಬೇಕು, ಮೀಟರುಗಳ ಮುಳ್ಳು ಎದ್ದು ನಿಲ್ಲಬೇಕು, ಅಷ್ಟೇ. ಎಂಜಿನ್ ಗಟ್ಟಿಮುಟ್ಟಾಗಿತ್ತು. ತೊಡಕಿದ್ದದ್ದು ಕರೆಂಟಿನ ಸಾಮಾನಿನದು. ವೈರುಗಳ ಬಟ್ಟೆಯ ಹೊದಿಕೆ ಮುಟ್ಟಿದರೆ ಉದುರುತ್ತಿತ್ತು, ಸ್ವಿಚ್ಚುಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಇಪ್ಪತ್ನಾಲ್ಕು ವೋಲ್ಟಿನ ವಿಮಾನ ಅದು. ಕಾರಿನ ಸಾಮಾನು ಅದಕ್ಕೆ ನಡೆಯದು, ಲಾರಿಯವು ಕೆಲವು ನಡೆಯುತ್ತವೆ. ಹೀಗಾಗಿ ಇಬ್ಬರೂ ಭಾವುಸಾಹೇಬನ ಜೀಪಿನಲ್ಲಿ ಅಥಣಿ, ಮಿರಜ, ಕೊಲ್ಹಾಪುರ ಎಂದು ಗುಜರಿ ಅಂಗಡಿಗಳನ್ನು ಸುತ್ತಿದರು. ಕಾಗವಾಡದ ಗುಜರಿಯೊಂದರಲ್ಲಿ ಸೈನ್ಯದ ಟ್ರಕ್ಕಿನಲ್ಲಿದ್ದ, ಕರೆಂಟು ಅಳೆಯುವ ಆಮೀಟರ್ ಸಿಕ್ಕ ದಿನ ರಸ್ತೆ ಬದಿಗೆ ನಿಂತು ಮಿಸಳ ತಿಂದರು. ಭಾವುಸಾಹೇಬ ಆ ಮೀಟರನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಅಷ್ಟು ಖುಷಿಯಾದ ದಿನ ತುಕಾರಾಮನಿಗೆ ಸುಮಾರು ವರ್ಷಗಳಿಂದ ಬಂದಿರಲಿಲ್ಲ.

ಬೇಸಿಗೆಯಲ್ಲಿ ಪೂನಮ ಬಂದಳು. ನಿಪ್ಪಾಣಿಯ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಕಲಿಸುವ ಹುಡುಗಿ. ವಿಮಾನ ನೋಡಲೆಂದು ಬಂದವಳು ಮುಂದಿನ ರವಿವಾರ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದಳು. ಇಂಥ ಹಳೆಯ ವಿಮಾನಗಳನ್ನು ದುರಸ್ತಿ ಮಾಡುವ ಹೊರದೇಶದವರಿಗೆಲ್ಲ ಇಮೇಲ್ ಬರೆದು, ಇದೇ ಮಾದರಿಯ ವೈರಿಂಗ್ ನಕ್ಷೆ ತರಿಸಿಕೊಂಡಿದ್ದಳು. ತುಕಾರಾಮ ತಿಂಗಳುಗಟ್ಟಲೆ ಒಂದೊಂದೇ ವೈರು ಹಿಡಿದು ಅಂದಾಜು ಮಾಡಿದ್ದೆಲ್ಲ ಅಲ್ಲಿ ಒಂದೇ ಹಾಳೆಯಲ್ಲಿತ್ತು.

"ಕಾಕಾ, ನೀವು ಹಾಕಿದ್ದ ಬಹುತೇಕ ಬರೋಬ್ಬರಿ ಐತ್ರಿ," ಎಂದಳು.

ಬಹುತೇಕ ಎಂಬ ಮಾತು ತುಕಾರಾಮನಿಗೆ ಚುಚ್ಚಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಭಾವುಸಾಹೇಬನ ಮುಖ. ಆಮೀಟರ್ ಸಿಕ್ಕ ದಿನದ ಅದೇ ನಗು ಈಗ ಈ ಹುಡುಗಿಯ ಕಡೆ ತಿರುಗಿತ್ತು.

ಅಲ್ಲಿಂದ ಭಾವುಸಾಹೇಬನ ಬಾಯಲ್ಲಿ ಬರೀ ಪೂನಮ. ಪೂನಮ ಹಿಂಗಂದಳು, ಪೂನಮಗ ಕೇಳೂಣು. ಗುಜರಿಗೆ ಹೊರಟರೆ ಜೀಪಿನ ಮುಂದಿನ ಸೀಟಿನಲ್ಲಿ ಅವಳು. ತುಕಾರಾಮ ಹಿಂದೆ, ಸ್ಟೆಪ್ನಿಯ ಪಕ್ಕ. "ನೀವ ಮುಂದ ಕುಂದರ್ರಿ ಕಾಕಾ," ಎಂದು ಅವಳು ಕರೆದರೆ, "ನನಗ ಹಿಂದ ಗಾಳಿ ಚಲೋ ಬರ್ತೈತಿ," ಎನ್ನುತ್ತಿದ್ದ.

ಮನೆಯಲ್ಲಿ ಅವನ ಸಿಡಿಮಿಡಿ ನೋಡಿ ಹೆಂಡತಿ ಸುಂದ್ರವ್ವ, "ಮನೀಗೆ ಸವತಿ ಬಂದೋರಂಗ ಯಾಕ ಮಾಡಾಕತ್ತೀರಿ? ಅದು ನಮ್ಮ ಮಗಳ ವಾರಿಗಿ ಹುಡಗಿ," ಎಂದಳು. ತುಕಾರಾಮ ಊಟದ ತಾಟು ಸರಿಸಿ ಎದ್ದುಹೋದ.

ಕೊನೆಗೆ ಉಳಿದದ್ದು ಮಾಸ್ಟರ್ ರಿಲೇ. ಬ್ಯಾಟರಿಯ ಕರೆಂಟು ವಿಮಾನದೊಳಗೆ ಹೋಗುವ ಬಾಗಿಲು ಅದು. ಪುಣೆಯ ಕಡೆಯ ಒಂದು ಹಳೆಯ ಫ್ಲೈಯಿಂಗ್ ಕ್ಲಬ್ಬಿನ ಉಗ್ರಾಣದಲ್ಲಿ ಒಂದಿರಬಹುದು ಎಂದು ಪೂನಮ ಪತ್ತೆ ಹಚ್ಚಿದಳು. "ಹುಡುಕಿ ತಿಳಸ್ತೀವಿ ಅಂದಾರ್ರಿ," ಎಂದಳು. ಭಾವುಸಾಹೇಬ ಅವಳ ಬೆನ್ನು ತಟ್ಟಿದ.

ತುಕಾರಾಮನಿಗೆ ತಡೆಯಲಾಗಲಿಲ್ಲ. ಅವನ ಅಂಗಡಿಯಲ್ಲಿ ಲಾರಿಯ ಸ್ಟಾರ್ಟರ್ ರಿಲೇ ಇತ್ತು. ಅದೇ ಆಕಾರ, ಅವೇ ನಾಲ್ಕು ಬೋಲ್ಟು, ಅದೇ ಇಪ್ಪತ್ನಾಲ್ಕು ವೋಲ್ಟು. ಸ್ಟಾರ್ಟರ್ ರಿಲೇ ಕ್ಷಣ ಹೊತ್ತು ಕೆಲಸ ಮಾಡಿ ಬಿಡುವಂಥದು, ಮಾಸ್ಟರ್ ರಿಲೇ ತಾಸುಗಟ್ಟಲೆ ಹಿಡಿದುಕೊಂಡೇ ಇರಬೇಕು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ತೊಳೆದು, ಕರಿ ಬಣ್ಣ ಹಚ್ಚಿ, ಪೂನಮ ಇಲ್ಲದ ದಿನ ಸದಲಗಾಕ್ಕೆ ಹೋಗಿ ಕೂರಿಸಿದ. "ಪುಣೆದ್ದು ಬ್ಯಾಡ. ಸಿಕ್ಕೈತಿ," ಎಂದು ಭಾವುಸಾಹೇಬನಿಗೆ ಹೇಳಿದ.

ಭಾವುಸಾಹೇಬ ಅವನನ್ನು ತಬ್ಬಿಕೊಂಡ. ಆ ಅಪ್ಪುಗೆಯಲ್ಲಿ ತುಕಾರಾಮ ರಿಲೇಯ ಚಿಂತೆಯನ್ನು ಮರೆತ.

ರವಿವಾರ ಪೂನಮ ಅದನ್ನು ಬಾಗಿ ನೋಡಿದಳು. ಭಾವುಸಾಹೇಬ ಆಚೆ ಬದಿಯಲ್ಲಿ ಮಕ್ಕಳನ್ನು ವಿಮಾನದ ರೆಕ್ಕೆಯಿಂದ ಇಳಿಸುತ್ತಿದ್ದ. ಅವಳು ಮೆಲ್ಲಗೆ ಕೇಳಿದಳು: "ಕಾಕಾ, ಇದು ಬಾಳ ಹೊತ್ತ ಆನ್ ಇದ್ರ ತಡೀತೈತ್ರಿ?"

"ನೀ ಹುಟ್ಟೂಕಿಂತ ಮೊದಲ ವಿಮಾನದ ಕೆಲಸ ಮಾಡೇನಿ," ಎಂದ ತುಕಾರಾಮ. ಅವಳು ಮುಚ್ಚಳ ಹಾಕಿದಳು.

ಮನೆಯವರು, ಅಕ್ಕಪಕ್ಕದ ಹೊಲದವರು ಸೇರಿದರು. ಭಾವುಸಾಹೇಬನ ಹೆಂಡತಿ ಗಂಗೂಬಾಯಿ ಪ್ರೊಪೆಲ್ಲರಿಗೆ ಅರಿಷಿನ ಕುಂಕುಮ ಹಚ್ಚಿದಳು. ಭಾವುಸಾಹೇಬ ಒಳಗೆ ಕೂತು ಮಾಸ್ಟರ್ ಸ್ವಿಚ್ ಒತ್ತಿದ. ಮುಳ್ಳುಗಳು ಎದ್ದವು, ಕೆಂಪು ದೀಪ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಜಿನ್ ಶುರು ಮಾಡುವ ಮೊದಲು ಅವನು ಒಂದೊಂದು ಮೀಟರನ್ನೂ ಜನರಿಗೆ ತೋರಿಸಿ ವಿವರಿಸತೊಡಗಿದ.

ತುಕಾರಾಮ ಹಿಂದಿನ ಮುಚ್ಚಳ ತೆಗೆದು ರಿಲೇಯ ಮೇಲೆ ಕೈ ಇಟ್ಟ. ಬಿಸಿ. ಮತ್ತೆ ಇಟ್ಟ; ಬೆರಳು ಸುಟ್ಟಿತು. ಹೊಸ ಬಣ್ಣ ಸುಡುವ ವಾಸನೆ ಬರುತ್ತಿತ್ತು. ಆ ಚಪ್ಪಾಳೆಯ ನಡುವೆ ಬಾಯಿ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಆದರೆ ಒಳಗೆ ಕೂತವನು ಭಾವುಸಾಹೇಬ, ಅವನ ಹಿಂದೆಯೇ ಪೆಟ್ರೋಲಿನ ಟಾಕಿ.

"ಬಂದ್ ಮಾಡಲೇ," ಎಂದು ಕೂಗಿದ. "ಬ್ಯಾಟರಿ ಇಳದೈತಿ. ಇವತ್ತ ಆಗೂದಿಲ್ಲ."

ಜನ ನಿರಾಸೆಯಿಂದ ಚದುರಿದರು. ಪೂನಮ ಒಮ್ಮೆ ಅವನ ಬೆರಳಿನ ಕಡೆ ನೋಡಿದಳು. ನಿಜ ಅವಳಿಗೆ ಗೊತ್ತಾಗಿತ್ತು. ಆದರೂ ಭಾವುಸಾಹೇಬ ಕೇಳಿದಾಗ, "ಹೌದ್ರಿ, ಬ್ಯಾಟರಿನ ಇರಬೇಕು," ಎಂದಳು. ತನ್ನ ಮಾನ ಅವಳು ಉಳಿಸಿದ್ದು ತುಕಾರಾಮನಿಗೆ ಉಪಕಾರ ಅನ್ನಿಸಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಒಳ್ಳೆಯತನದಲ್ಲೂ ಇವಳೇ ಮುಂದೆ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.

ಮಾರನೆಯ ದಿನ ಅವಳೇ ಅವನ ಅಂಗಡಿಗೆ ಬಂದಳು. "ಪುಣೆಯವರು ಫೋನ್ ಮಾಡಿದ್ರು. ರಿಲೇ ತುಂಬಿದ ಡಬ್ಬಿನ ಐತಂತ. ಲೇಬಲ್ ಹೋಗ್ಯಾವಂತ. ಯಾವುದು ಅಂತ ನನಗ ಗುರುತ ಸಿಗೂದಿಲ್ಲ. ನಾ ಬರೇ ಚಿತ್ರದಾಗ ನೋಡೇನ್ರಿ."

"ಭಾವುಸಾಬ್ಗ ನಿನ್ನೀದು ಹೇಳಿಯೇನು?"

"ಏನೂ ಹೇಳಿಲ್ಲ."

ಅವನು ಕೈಯಲ್ಲಿದ್ದ ಸ್ಪ್ಯಾನರು ಒರೆಸಿ ಪೆಟ್ಟಿಗೆಗೆ ಹಾಕಿದ. ಆಮೇಲೆ ಷರ್ಟು ಬದಲಿಸಿ, ಎರಡು ಸಣ್ಣ ಬ್ಯಾಟರಿ ಚೀಲಕ್ಕೆ ಹಾಕಿಕೊಂಡು ಅವಳ ಜೊತೆ ಬಸ್ಸು ಹತ್ತಿದ. ದಾರಿಯಲ್ಲಿ ಭಾವುಸಾಹೇಬನ ಫೋನ್ ಬಂತು, ಪೂನಮಳ ಮೊಬೈಲಿಗೆ. ತುಕಾರಾಮನ ಮೊಬೈಲು ಕಿಸೆಯಲ್ಲಿ ಸುಮ್ಮನೆ ಬಿದ್ದಿತ್ತು. ಅವನು ಕಿಟಕಿಯ ಆಚೆ ನೋಡಿದ.

ಉಗ್ರಾಣದಲ್ಲಿ ಅವನು ಮುಟ್ಟಿ, ತೂಗಿ, ತಾನು ತಂದಿದ್ದ ಬ್ಯಾಟರಿಗೆ ಹಚ್ಚಿ, ಎಷ್ಟೋ ಹೊತ್ತು ಆನ್ ಇಟ್ಟು ನೋಡಿ, ಸರಿಯಾದುದನ್ನು ಆರಿಸಿದ. ವಾಪಸು ಬರುವಾಗ ಪೂನಮ ಅವನ ಭುಜಕ್ಕೆ ತಲೆ ಒರಗಿಸಿ ನಿದ್ದೆ ಹೋದಳು. ಅವಳ ತಲೆ ಸರಿಸಲೂ ಅವನಿಗೆ ಆಗಲಿಲ್ಲ, ಮಮತೆಯೂ ಹುಟ್ಟಲಿಲ್ಲ.

ಸದಲಗಾದಲ್ಲಿ ಹೊಸ ರಿಲೇ ಕೂರಿಸುತ್ತ, ಭಾವುಸಾಹೇಬ ಒಬ್ಬನೇ ಇದ್ದಾಗ ತುಕಾರಾಮ ಹೇಳಿದ: "ಬ್ಯಾಟರಿ ಇಳದಿರಲಿಲ್ಲ. ನಾ ಹಾಕಿದ್ದ ತಪ್ಪ ಇತ್ತು. ಆಕಿ ಕೇಳಿದ್ಲು, ನಾ ಕೇಳಲಿಲ್ಲ."

"ಗೊತ್ತೈತಿ. ವಾಸನಿ ಬಂದಿತ್ತು," ಎಂದ ಭಾವುಸಾಹೇಬ. "ಯಾಕ ಹಿಂಗ ಮಾಡಿದಿ ತುಕ್ಯಾ?"

"ನೀನ ವಿಚಾರ ಮಾಡು."

ಭಾವುಸಾಹೇಬನಿಗೆ ಹೊಳೆಯಲಿಲ್ಲ. ತಲೆ ಕೆರೆದುಕೊಂಡು ಚಹಾ ಹೇಳಲು ಮನೆಯ ಕಡೆ ಹೋದ.

ಎಂಜಿನ್ ತಿರುಗಿದ್ದು ಮುಂದಿನ ರವಿವಾರ. ಭಾವುಸಾಹೇಬ ತನ್ನ ಪಕ್ಕದ ಸೀಟಿಗೆ ಪೂನಮಳನ್ನು ಕರೆದ. ತುಕಾರಾಮ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಹೊರಗೆ ನಿಂತ. ಅಲ್ಲಿ ನಿಲ್ಲಲು ಅವನೇ ಬೇಕಿತ್ತು, ಬೇರೆ ಯಾರಿಗೂ ಆ ಕೆಲಸ ಗೊತ್ತಿರಲಿಲ್ಲ. ಪ್ರೊಪೆಲ್ಲರ್ ಕೆಮ್ಮಿ, ತಡೆದು, ಒಮ್ಮೆಲೆ ಗಾಳಿ ಎಬ್ಬಿಸಿತು. ಜನರ ಟೊಪ್ಪಿಗೆಗಳು ಹಾರಿದವು. ರಿಲೇ ತಣ್ಣಗೆ ಕೆಲಸ ಮಾಡುತ್ತಿತ್ತು. ಗಾಜಿನ ಹಿಂದೆ ಅವರಿಬ್ಬರೂ ಒಬ್ಬರ ಕಿವಿಗೊಬ್ಬರು ಬಾಗಿ ಏನೋ ಕೂಗಿ ನಗುತ್ತಿದ್ದರು. ಏನೆಂದು ಅವನಿಗೆ ಕೇಳಲಿಲ್ಲ. ಪೂನಮ ಅವನ ಕಡೆ ಹೆಬ್ಬೆರಳು ಎತ್ತಿ ತೋರಿಸಿದಳು. ತುಕಾರಾಮನೂ ಎತ್ತಿದ, ಬೇಗನೆ ಇಳಿಸಿದ.