ಮೇಷ್ಟ್ರೇ, ಕೊನೆ ಹೇಳಬೇಡಿ

ಡಯಾಲಿಸಿಸ್ ಕೋಣೆಯಲ್ಲಿ ಅಳುವುದೂ ಸುಲಭದ ಕೆಲಸವಲ್ಲ. ಒಂದು ಕೈಗೆ ಎರಡು ದಪ್ಪ ಸೂಜಿ ಚುಚ್ಚಿರುತ್ತಾರೆ, ಅದನ್ನು ನಾಲ್ಕು ಗಂಟೆ ಅಲುಗಾಡಿಸುವಂತಿಲ್ಲ. ಇನ್ನೊಂದು ಕೈಗೆ ಬಿ.ಪಿ. ಪಟ್ಟಿ. ಮೂಗು ಸೋರಿದರೆ ಪಕ್ಕದಲ್ಲಿ ಕುಳಿತವರು ಒರೆಸಬೇಕು. ಆದರೂ ಗುರುವಾರ ಮಧ್ಯಾಹ್ನ ಬಂತೆಂದರೆ ಆ ಕೋಣೆಯ ಮೂವರಿಗೂ ಗೋಡೆಯ ಟೀವಿಯಲ್ಲಿ ಪ್ರೇಮದ ಗೋಳಿನ ಸಿನಿಮಾನೇ ಆಗಬೇಕು. ನಿಮ್ಮ ಗೋಳೇ ಸಾಲದೇ ಎಂದು ಡಾಕ್ಟರು ಗೊಣಗಿದರೂ ಕೇಳುವವರಿಲ್ಲ. ಕೊನೆಗೆ ತೂಕ ನೋಡುವಾಗ, "ಎರಡು ಕಿಲೋ ಇಳಿದಿದೆ. ಒಂದೂವರೆ ಮಿಷನ್ನಿಂದು, ಅರ್ಧ ಹೀರೋಯಿನ್‌ದು" ಎಂದು ನಗುವುದಕ್ಕಾದರೂ ಅದು ಬೇಕಿತ್ತು.

ಬಾಗಿಲ ಬಳಿಯ ಹಾಸಿಗೆ ಬೇಕರಿ ಅಜ್ಜಿಯದು. ಹೀರೋ ತೆರೆಗೆ ಬಂದಕೂಡಲೇ ಅಳಲು ಶುರುಮಾಡಿಬಿಡುವ ಪೈಕಿ. ನಡುವಿನ ಹಾಸಿಗೆ ಗಣಿತದ ಮೇಷ್ಟ್ರದು. ಅರ್ಧ ಸಿನಿಮಾಕ್ಕೇ ಉತ್ತರ ಬಿಡಿಸಿಟ್ಟು, "ಇವಳು ಸಾಯ್ತಾಳೆ, ಅವನು ಹುಚ್ಚ ಆಗ್ತಾನೆ, ಮುಂದಕ್ಕೆ ಹೋಗಿ" ಎಂದು ಎಲ್ಲರ ಅಳುವಿಗೂ ನೀರೆರಚುವ ಆಸಾಮಿ. ಅವರ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಅದೇ ಎಲ್ಲರ ಸಿಟ್ಟು.

ಕಿಟಕಿಯ ಪಕ್ಕ ಟೈಲರಕ್ಕ. ವಯಸ್ಸು ಮೂವತ್ತನಾಲ್ಕು, ಡಯಾಲಿಸಿಸ್ ಸೂಜಿಗೆ ಮೂರು ವರ್ಷ. ಅವಳು ಎಲ್ಲರಿಗೂ ಅಕ್ಕನಾದಮೇಲೆ ಅವಳ ಗಂಡ ಎಲ್ಲರಿಗೂ ಭಾವ. ಚಪ್ಪಲಿ ಅಂಗಡಿಯ ಸೇಲ್ಸ್‌ಮನ್ ಆತ. ಗಿರಾಕಿಗಳ ಕಾಲ ಬಳಿ ಕುಳಿತು ಕುಳಿತು ಮಾತಿಗೆ ಬೆಣ್ಣೆ ಹಚ್ಚುವುದನ್ನು ಕಲಿತಿದ್ದ. ಅವನಂತೆ ಅಳುವವರು ಆ ಆಸ್ಪತ್ರೆಯಲ್ಲೇ ಇರಲಿಲ್ಲ. ಹೆಂಡತಿಯ ಕಣ್ಣೊರೆಸಲೆಂದು ಕರವಸ್ತ್ರ ತರುತ್ತಿದ್ದ, ತಾನೇ ತೋಯಿಸಿ ಹಿಂಡುತ್ತಿದ್ದ. "ಗಂಡ ಅಂದ್ರೆ ಹೀಗಿರ್ಬೇಕು" ಎಂದು ಅಜ್ಜಿ ವಾರವಾರವೂ ಸರ್ಟಿಫಿಕೇಟು ಕೊಡುತ್ತಿದ್ದಳು. ಟೈಲರಕ್ಕನಿಗೆ ಒಳಗೊಳಗೇ ಹೆಮ್ಮೆ. ಆರು ತಿಂಗಳ ಹಿಂದೆ ಅವನು, ತನ್ನ ಕಿಡ್ನಿ ಅವಳಿಗೆ ಹೊಂದುತ್ತದೋ ನೋಡಲು ರಕ್ತ ಕೊಟ್ಟು ಬಂದೆ ಎಂದಿದ್ದ. ಮೊಣಕೈ ಒಳಗೆ ಅಂಟಿಸಿದ ಹತ್ತಿ ತೋರಿಸಿ, ವಾರ ಬಿಟ್ಟು, "ಹೊಂದಲಿಲ್ಲ ಕಣೇ" ಎಂದು ಬಿಕ್ಕಿದ್ದ. ಸಮಾಧಾನ ಮಾಡಿದವಳು ಇವಳೇ. ಹತ್ತಿ ತೋರಿಸಿದ ರಾತ್ರಿ ಅದರ ಮೇಲೇ ಕೆನ್ನೆಯಿಟ್ಟು ಮಲಗಿದ್ದಳು.

ಆ ಗುರುವಾರದ ಸಿನಿಮಾದಲ್ಲಿ ಹೀರೋ ಹೇಳದೆ ಕೇಳದೆ ಹೀರೋಯಿನ್‌ಗೆ ಕಿಡ್ನಿ ಕೊಟ್ಟು, ಪಕ್ಕದ ಮಂಚದಲ್ಲೇ ಪ್ರಾಣ ಬಿಡುತ್ತಾನೆ. ಅವಳು ಎದ್ದು ಕೂತು ಹಾಡುತ್ತಾಳೆ.

"ಒಂದು ಕೊಟ್ರೆ ಯಾರ್ರೀ ಸಾಯ್ತಾರೆ? ಎರಡರಲ್ಲಿ ಒಂದು ಕಳೆದ್ರೆ ಒಂದು ಉಳಿಯುತ್ತೆ. ಒಂದನೇ ಕ್ಲಾಸಿನ ಲೆಕ್ಕ" ಎಂದರು ಮೇಷ್ಟ್ರು.

ಭಾವನಿಗೆ ಲೆಕ್ಕ ಬೇಕಿರಲಿಲ್ಲ. ಭುಜ ಕುಣಿಸಿ ಅಳುತ್ತಿದ್ದ. "ಪ್ರೀತಿ ಅಂದ್ರೆ ಇದು. ಅವನ ಜಾಗದಲ್ಲಿ ನಾನಿದ್ರೆ ಎರಡೂ ಕೊಡ್ತಿದ್ದೆ!"

ಬಿ.ಪಿ. ನೋಡಲು ಬಂದ ಹೊಸ ಸಿಸ್ಟರ್‌ಗೆ ಕರುಳು ಚುರುಕ್ಕೆಂದಿತು. ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಅಳುವವರೆಲ್ಲ ಒಳ್ಳೆಯವರೆಂದು ನಂಬುವ ವಯಸ್ಸು.

"ಎರಡು ಬೇಡ ಸಾರ್, ಒಂದು ಸಾಕು. ಮನಸ್ಸು ಗಟ್ಟಿಯಾಯ್ತಲ್ಲ ಇವತ್ತು, ಈಗ್ಲೇ ಕೆಳಗೆ ಹೋಗಿ ರಕ್ತ ಕೊಟ್ಟುಬಿಡಿ. ಗ್ರೂಪ್ ಹೆಂಗೂ ಒಂದೇ. ಅಕ್ಕನ ಫೈಲಿನಲ್ಲಿ ಆರು ತಿಂಗಳಿಂದ ನಿಮ್ಮ ಪರೀಕ್ಷೆಯ ಹಾಳೆ ಖಾಲಿ ಬಿದ್ದಿದೆ. ಲ್ಯಾಬಿನವರು ಎರಡು ಸಲ ಫೋನ್ ಮಾಡಿದ್ರಂತೆ, ನೀವು ಎತ್ತಲೇ ಇಲ್ವಂತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಿಸ್ಟರ್‌ಗೆ ಏನಾಯಿತೆಂದೇ ತಿಳಿಯಲಿಲ್ಲ. ಅಜ್ಜಿ ಅಳು ನಿಲ್ಲಿಸಿದಳು. ಟೈಲರಕ್ಕ ಎದ್ದು ಹೋಗೋಣವೆಂದರೆ ಅವಳ ರಕ್ತವೆಲ್ಲ ಮಿಷನ್ನಿನ ಕೊಳವೆಯಲ್ಲಿ ಸುತ್ತುತ್ತಿತ್ತು, ಇನ್ನೂ ಒಂದೂವರೆ ಗಂಟೆ ಬಾಕಿ.

"ಹೆದರಿಕೆ ಆಯ್ತು ಕಣೇ. ಹೇಳ್ಬೇಕು ಅಂತಾನೇ ಇದ್ದೆ." ಭಾವ ಅವಳ ಕಾಲ ಬಳಿ ಕುಸಿದ. ಅವನಿಗೆ ರೂಢಿಯ ಜಾಗವೇ ಅದು. ಪಾದ ಹಿಡಿದು ಗೊಳೋ ಎಂದ.

"ಸ್ವಲ್ಪ ಆ ಕಡೆ ಸರೀರಿ. ಟೀವಿ ಕಾಣ್ತಿಲ್ಲ" ಎಂದಳು ಅವಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಲ್ಯಾಬು ಐದರ ತನಕ ತೆಗೆದಿರುತ್ತೆ. ಲಿಫ್ಟ್ ಇದೆ."

ಭಾವ ಎದ್ದ. ಮೂವರನ್ನೂ ನೋಡಿದ, ಸಿಸ್ಟರನ್ನೂ ನೋಡಿದ. ನೋಡುವವರಿದ್ದರೆ ಅವನಿಗೆ ಆವೇಶ ತಾನಾಗಿ ಬರುತ್ತಿತ್ತು. "ಹೋಗ್ತೀನಿ. ಈಗ್ಲೇ ಕೊಟ್ಟು ಬರ್ತೀನಿ" ಎಂದು ಅಂಗಿಯ ತೋಳು ಮಡಚಿ ಹೊರಟೇಬಿಟ್ಟ. ಅಜ್ಜಿ ಒಂದೇ ಕೈಯಿಂದ ತೊಡೆಗೆ ಬಡಿದು ಚಪ್ಪಾಳೆ ತಟ್ಟಿದಳು.

ಮೇಷ್ಟ್ರು ಬಾಯಿ ತೆರೆದರು. ಟೈಲರಕ್ಕ ಅತ್ತ ತಿರುಗಿದಳು. ಮೂರು ವರ್ಷದಲ್ಲಿ ಅವಳು ಅವರನ್ನು ಏನೂ ಕೇಳಿಕೊಂಡಿರಲಿಲ್ಲ.

"ಮೇಷ್ಟ್ರೇ, ಕೊನೆ ಹೇಳಬೇಡಿ. ಇದೊಂದಕ್ಕೆ ಹೇಳಬೇಡಿ."

ಅವರು ಬಾಯಿ ಮುಚ್ಚಿಕೊಂಡರು.

ಟೀವಿಯಲ್ಲಿ ಹೀರೋಯಿನ್ ಸಮಾಧಿಗೆ ಹೂವಿಡುತ್ತಿದ್ದಳು. ಟೈಲರಕ್ಕ ಅದನ್ನು ನೋಡಲಿಲ್ಲ. ಬಾಗಿಲು ನೋಡುತ್ತ ನೀರಿನ ಬಗ್ಗೆ ಯೋಚಿಸಿದಳು. ಡಾಕ್ಟರ ಲೆಕ್ಕದಲ್ಲಿ ದಿನಕ್ಕೆ ಮೂರೇ ಲೋಟ ಅವಳ ಪಾಲು, ಮಾತ್ರೆ ನುಂಗುವುದಕ್ಕೂ ಸೇರಿ. ಕಿಡ್ನಿ ಸಿಕ್ಕಿತೆಂದರೆ ಒಂದು ಚೊಂಬು ತುಂಬ ನೀರನ್ನು ಗಟಗಟ ಕುಡಿಯಬೇಕು, ಗದ್ದದಿಂದ ಕುತ್ತಿಗೆಗೆ ಇಳಿದು ರವಿಕೆ ನೆನೆದರೂ ನಿಲ್ಲಿಸಬಾರದು. ಹೆದರಿದ್ದ ಪಾಪ, ಯಾರು ಹೆದರುವುದಿಲ್ಲ? ಹತ್ತು ನಿಮಿಷದಲ್ಲೇ ಅವನನ್ನು ಮುಕ್ಕಾಲು ಕ್ಷಮಿಸಿಯಾಗಿತ್ತು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಆದರೂ ಬಾಗಿಲಿನಿಂದ ಕಣ್ಣು ಕೀಳಲಾಗಲಿಲ್ಲ.

ಮಿಷನ್ ಮುಗಿದ ಸದ್ದು ಮಾಡಿತು. ಸಿಸ್ಟರ್ ಸೂಜಿ ಕಿತ್ತು, ಹತ್ತಿ ಒತ್ತಿ, ಅಂಟುಪಟ್ಟಿ ಹಾಕುವ ಹೊತ್ತಿಗೆ ಭಾವ ಬಂದ. ಮೊಣಕೈ ಒಳಗೆ ಹತ್ತಿ, ಅದರ ಮೇಲೆ ಪಟ್ಟಿ. ಕಣ್ಣು ಒದ್ದೆ.

"ಕೊಟ್ಟೆ" ಎಂದ.

"ನೂರು ವರ್ಷ ಬಾಳಪ್ಪ" ಎಂದು ಅಜ್ಜಿ ಹೋ ಎಂದು ಅತ್ತಳು. ಸಿಸ್ಟರ್ ಮುಖ ಆ ಕಡೆ ಮಾಡಿ ಕಣ್ಣೊರೆಸಿಕೊಂಡಳು. ಯಾವ ಸಿನಿಮಾಕ್ಕೂ ಆ ಕೋಣೆ ಅಷ್ಟು ಅತ್ತಿರಲಿಲ್ಲ.

ಟೈಲರಕ್ಕ ಅವನನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿಕೊಂಡಳು. ಮೆತ್ತಗೆ ಕೇಳಿದಳು, "ನೋವಾಯ್ತಾ?"

"ಸ್ವಲ್ಪ. ಸೂಜಿ ದಪ್ಪ ಇತ್ತು. ಇರ್ಲಿ ಬಿಡು, ನಿನಗೋಸ್ಕರ ಅಲ್ವಾ?"

ಅವಳು ಅವನ ಕೈಯನ್ನು ತೊಡೆಯ ಮೇಲೆಳೆದುಕೊಂಡು ಪಟ್ಟಿಯ ತುದಿಗೆ ಉಗುರು ಹಾಕಿದಳು. ಅವನು ಕೈ ಹಿಂದೆಳೆಯಲು ನೋಡಿದ, ಅವಳು ಬಿಡಲಿಲ್ಲ. ವಾರಕ್ಕೆ ಮೂರು ಸಲ ಚುಚ್ಚಿಸಿಕೊಂಡವಳಿಗೆ ಸೂಜಿಯ ಗುರುತನ್ನು ಯಾರೂ ಹೇಳಿಕೊಡಬೇಕಿಲ್ಲ. ಹತ್ತಿ ಬೆಳ್ಳಗಿತ್ತು. ಕೆಳಗಿನ ಚರ್ಮ ಹೊಸ ಬಟ್ಟೆಯಂತೆ ನಯವಾಗಿತ್ತು, ಒಂದು ಚುಕ್ಕೆಯೂ ಇರಲಿಲ್ಲ.

ಅವಳು ಹತ್ತಿಯನ್ನು ಇದ್ದಲ್ಲೇ ಇಟ್ಟು, ಪಟ್ಟಿಯನ್ನು ಮತ್ತೆ ಅಂಟಿಸಿದಳು. ಬಟ್ಟೆಯ ಅಂಚು ಮಡಿಸುವಾಗಿನ ಅದೇ ಶ್ರದ್ಧೆಯಿಂದ ಹೆಬ್ಬೆರಳಲ್ಲಿ ಸುತ್ತ ಒತ್ತಿದಳು. ಭಾವ ಮತ್ತೆ ಅಳತೊಡಗಿದ. ಕರವಸ್ತ್ರ ಅವಳ ಕೈಗೆಟುಕುವಲ್ಲೇ ಇತ್ತು, ಕೊಡಲಿಲ್ಲ.

ನಡುವಿನ ಹಾಸಿಗೆಯಲ್ಲಿ ಮೇಷ್ಟ್ರು ಆರಿಹೋದ ಟೀವಿಯನ್ನೇ ನೋಡುತ್ತಿದ್ದರು.

"ಮೇಷ್ಟ್ರೇ," ಎಂದಳು, "ನೀವು ಹೇಳಿಬಿಡಬೇಕಿತ್ತು."