ಸುಡಬೇಕಿದ್ದ ಎರಡು ಚೀಟಿ

ಆ ಪುಸ್ತಕದಲ್ಲಿ ಮಗುವಿಗೆ ನೀರು ಕುಡಿಸುವ ಹೊತ್ತನ್ನೂ ಬರೆದಿದ್ದರು. ಹತ್ತೂ ಇಪ್ಪತ್ತಕ್ಕೆ ಪಾಠ ನಿಲ್ಲಿಸಬೇಕು, ಒಂದು ಲೋಟ ನೀರು ಕೊಡಬೇಕು, ಕಿಟಕಿ ತೆರೆಯಬೇಕು. ಕಿತ್ತೂರಿನಲ್ಲಿ ಅನ್ನಪೂರ್ಣಾಬಾಯಿಯವರ ಮನೆಯ ಪಡಸಾಲೆಯಲ್ಲಿ ಕೂತು ಅದನ್ನು ಓದಿದವಳೇ ನಾನು ಸೋತುಹೋದೆ. ಕಣ್ಣಲ್ಲಿ ನೀರು ಬಂತು. ನಗಬೇಡಿ. ಒಂದೂವರೆ ವರ್ಷದಿಂದ ಬೆಳಗಾದರೆ ಇವತ್ತು ಏನು ಕಲಿಸಲಿ, ಎಷ್ಟು ಹೊತ್ತು ಕಲಿಸಲಿ, ಎಲ್ಲಿ ನಿಲ್ಲಿಸಲಿ ಎಂದು ಒಬ್ಬಳೇ ತಲೆ ಕೆಡಿಸಿಕೊಂಡವಳು ನಾನು. ಯಾರೋ ಪುಣ್ಯಾತ್ಮರು ಕಿಟಕಿಯ ಯೋಚನೆಯನ್ನೂ ತಾವೇ ಮಾಡಿಟ್ಟಿದ್ದಾರೆ ಎಂದರೆ ನಿಮಗಾದರೂ ಏನನ್ನಿಸುತ್ತಿತ್ತು?

ಅನ್ನಪೂರ್ಣಾಬಾಯಿ ನಮ್ಮ ಹಾಗೇ ಕ್ಯಾಥೊಲಿಕರು, ದವಾಖಾನೆಯಲ್ಲಿ ನರ್ಸು. ತಮ್ಮ ಇಬ್ಬರು ಗಂಡುಮಕ್ಕಳಿಗೆ ಮನೆಯಲ್ಲೇ ಕಲಿಸುತ್ತೇನೆಂದು ಗೋವಾದಿಂದ ಆ ಪುಸ್ತಕದ ಪೆಟ್ಟಿಗೆ ತರಿಸಿದ್ದರು. ಅಲ್ಲಿ ಯಾರೋ ಕ್ಯಾಥೊಲಿಕ್ ಗಂಡಹೆಂಡತಿ ಕೂತು ಇಡೀ ವರ್ಷದ ಪಾಠ ಅಚ್ಚುಕಟ್ಟಾಗಿ ಸಿದ್ಧಮಾಡಿ ಕೊರಿಯರಿನಲ್ಲಿ ಕಳಿಸುತ್ತಾರಂತೆ. ಬೆಳಗಿನ ಪ್ರಾರ್ಥನೆ, ಕೂಡಿಸುವುದು, ಕಳೆಯುವುದು, ಯಾವ ದಿನ ಯಾವ ಸಂತರ ಹಬ್ಬ, ಅವತ್ತು ಮಗು ಯಾವ ಚಿತ್ರ ಬರೆಯಬೇಕು, ಎಲ್ಲ ಇತ್ತು. ಎಲ್ಲ ಇಂಗ್ಲಿಷಿನಲ್ಲಿತ್ತು, ಅದೊಂದೇ ತೊಡಕು.

ಪುಸ್ತಕ ತಿರುವಿ ಹಾಕುವಾಗ ಇನ್ನೊಂದು ಕಂಡಿತು. ಹನ್ನೆರಡನೆಯ ವಾರದವರೆಗೆ ಹಾಳೆಗಳ ಮೇಲೆ ಎಣ್ಣೆಗೈ, ಪೆನ್ಸಿಲ್ಲಿನ ಗೀಟು, ಚಹಾದ ಕಲೆ. ಹದಿಮೂರನೆಯ ವಾರದಿಂದ ಹಾಳೆ ಹೊಚ್ಚ ಹೊಸದು. ನಾನು ನೋಡಿದ್ದನ್ನು ಅನ್ನಪೂರ್ಣಾಬಾಯಿ ನೋಡಿದರು. ಇನ್ನೊಂದು ಕಪ್ ಚಹಾ ಹಾಕಲೇ ಎಂದು ಕೇಳಿದರು. ಹಾಕ್ರಿ ಅಂದೆ. ಯಾಕೆ ನಿಂತಿತು ಎಂದು ಕೇಳಲಿಲ್ಲ. ಕೇಳಿದ್ದರೆ ಅವರು ಹೇಳಿಬಿಡುತ್ತಿದ್ದರು, ನನಗೆ ಆ ಉತ್ತರ ಬೇಕಾಗಿರಲಿಲ್ಲ.

ಅದರ ಬದಲಿಗೆ ನಾನು ನನ್ನ ಮಗಳು ಮೀನಾಳ ಪುರಾಣ ಬಿಚ್ಚಿದೆ. ಮೀನಾ ಪಕ್ಕದಲ್ಲೇ ಕೂತು ಬಿಸ್ಕೀಟಿನ ಅಂಚನ್ನು ಇಲಿಯ ಹಾಗೆ ಕಡಿಯುತ್ತಿದ್ದಳು. ಒಂಬತ್ತು ವರ್ಷವಾದರೂ ಒಂದಕ್ಷರ ಓದುವುದಿಲ್ಲ, ಪುಸ್ತಕ ಕಂಡರೆ ಬೋರಲು ಹಾಕುತ್ತಾಳೆ, ಏನು ಹೇಳಿದರೂ ತಲೆಗೆ ಹತ್ತುವುದಿಲ್ಲ ಎಂದು ಅವಳ ಎದುರಿಗೇ ಹೇಳಿದೆ. ಯಾವಾಗಲೂ ಅವಳ ಎದುರಿಗೇ ಹೇಳುತ್ತಿದ್ದೆ. ಅವಳಿಗೆ ಅದು ತಿಳಿಯುತ್ತದೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ನಾನೇನು ಓದುಬರಹ ಇಲ್ಲದವಳಲ್ಲ. ಬೈಲಹೊಂಗಲದ ಒಂದು ಇಂಗ್ಲಿಷ್ ಮೀಡಿಯಂ ಸಾಲೆಯಲ್ಲಿ ಆರು ವರ್ಷ ಎರಡನೆಯ ಈಯತ್ತೆಗೆ ಕಲಿಸಿದವಳು. ಊರ ಮಕ್ಕಳೆಲ್ಲ ನನ್ನ ಕೈಯಲ್ಲಿ ಓದಲು ಕಲಿತರು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಮಾತ್ರ ನನ್ನ ಕ್ಲಾಸಿನಲ್ಲೇ ಹಿಂದಿನ ಬೆಂಚಿನ ಕೆಳಗೆ ಅಡಗಿ ಕೂತಳು. ಬೆಳಗಾವಿಯ ಡಾಕ್ಟರು ಕಣ್ಣು ನೋಡಿದರು, ಕಿವಿ ನೋಡಿದರು, ಎಲ್ಲ ಸರಿ ಇದೆ, ಇಂಥ ಮಕ್ಕಳಿಗೆ ಹೊತ್ತು ಬೇಕು ಅಂದರು. ಹೊತ್ತು ಸಾಲೆಯಲ್ಲಿ ಎಲ್ಲಿ ಸಿಗಬೇಕು. ಹೆಡ್‌ಮಿಸ್ಸು ನನ್ನನ್ನು ಕರೆದು ಬಹಳ ನಯವಾಗಿ, ಬೇರೆ ಕಡೆ ನೋಡ್ರಿ ಟೀಚರ್ ಅಂದರು. ಮಗಳನ್ನು ಮನೆಗೆ ಕರೆತಂದೆ, ಕೆಲಸ ಬಿಟ್ಟು ಅವಳ ಜೊತೆ ನಾನೂ ಬಂದೆ.

ಮೀನಾಳಿಗೆ ಬಾಯಿಪಾಠ ಮಾತ್ರ ನೀರು ಕುಡಿದಷ್ಟು ಸುಲಭ. ಅವಳಪ್ಪ ಸಾಗರ ಬಸ್ ಕಂಡಕ್ಟರು. ಬೈಲಹೊಂಗಲದಿಂದ ಸವದತ್ತಿ ಮೇಲೆ ರಾಮದುರ್ಗದವರೆಗೆ ಎಷ್ಟು ಸ್ಟಾಪು ಅಂದರೆ ಒಂದೂ ಬಿಡದೆ ಹೇಳುತ್ತಾಳೆ. ಜಪಸರದ ಐದು ರಹಸ್ಯಗಳ ಪ್ರಾರ್ಥನೆಯನ್ನು ತಾನೇ ನಡೆಸುತ್ತಾಳೆ. ದಿನವಿಡೀ ಪ್ರಶ್ನೆ ಬೇರೆ. ಬಸ್ಸಿನ ಹಾರ್ನು ಯಾಕೆ ಎರಡು ಥರ, ಸತ್ತವರಿಗೆ ಹಸಿವಾಗುತ್ತದೋ ಇಲ್ಲವೋ, ಹಲ್ಲಿ ಮೇಲಿಂದ ಯಾಕೆ ಬೀಳುವುದಿಲ್ಲ. ಒಂದು ಅಕ್ಷರ ತೋರಿಸಿ ಇದೇನು ಎಂದು ಮಾತ್ರ ಹುಟ್ಟಿದಾಗಿನಿಂದ ಕೇಳಿದವಳಲ್ಲ. ಆರು ವರ್ಷ ಟೀಚರಾಗಿದ್ದ ನನಗೆ ಅದೇ ಹೆದರಿಕೆ. ಕೇಳುವ ಮಗು ಇವತ್ತಲ್ಲ ನಾಳೆ ಓದುತ್ತದೆ. ಕೇಳದ ಮಗುವನ್ನು ಹಿಡಿದುಕೊಂಡು ನಾನು ಎಲ್ಲಿಗೆ ಹೋಗಲಿ?

ಕಿತ್ತೂರಿನಿಂದ ಬಂದ ಮೇಲೆ ಹದಿನೈದು ದಿನ ಮನೆಯಲ್ಲಿ ಅದೇ ಮಾತು. ನನಗೆ ಗೋವಾದ ಪೆಟ್ಟಿಗೆ ಬೇಕು. ಸಾಗರನಿಗೆ ಪುಣೆಯ ಒಂದು ಕಂಪನಿಯದು. ಅವನ ಡಿಪೋದಲ್ಲಿ ಯಾರೋ ತೋರಿಸಿದ್ದರು, ಎಲ್ಲ ಮೊಬೈಲಿನಲ್ಲಿ, ಚಿತ್ರ ಕುಣಿಯುತ್ತವೆ, ಹಾಡು ಬರುತ್ತದೆ. ಪ್ರಾರ್ಥನೆ ಇಲ್ಲ, ಸಂತರಿಲ್ಲ, ಅದನ್ನು ಮನೆಯಲ್ಲಿ ಹೇಗೂ ಹೇಳಿಕೊಡುತ್ತೇವಲ್ಲ ಎಂಬುದು ಅವನ ವಾದ. ನಮ್ಮ ಅತ್ತೆ ತಾಯವ್ವನವರದು ಮೂರನೆಯ ದಾರಿ. ಸರಕಾರಿ ಕನ್ನಡ ಪುಸ್ತಕ ತಂದು ನಾನೇ ಕೂತು ಕಲಿಸಬೇಕು. ಹುಡುಗಿ ಯಾವ ಮಾತಿನಲ್ಲಿ ಪ್ರಾರ್ಥನೆ ಮಾಡುತ್ತದೋ ಆ ಮಾತಿನಲ್ಲೇ ಮೊದಲು ಓದಲಿ ಎಂದರು. ಅವರಿಗೆ ಓದಲು ಬರುವುದಿಲ್ಲ. ಸವದತ್ತಿಯಲ್ಲಿ ಚಿಕ್ಕವರಿದ್ದಾಗ ಸೈಕಲ್ಲಿನ ಮೇಲೆ ಬರುತ್ತಿದ್ದ ಚರ್ಚಿನ ಉಪದೇಶಿಯೊಬ್ಬರಿಂದ ಪ್ರಶ್ನೋತ್ತರದ ಧರ್ಮೋಪದೇಶವನ್ನೆಲ್ಲ ಕೇಳಿ ಕೇಳಿಯೇ ಕಲಿತವರು. ಇವತ್ತಿಗೂ ಒಂದು ಪ್ರಶ್ನೆ ಹಾಕಿದರೆ ಉತ್ತರ ತಡಮಾಡದೆ ಬರುತ್ತದೆ.

ಅವರ ಮಾತು ತಪ್ಪು ಎಂದು ನಾನು ಹೇಳಲಾರೆ. ಆದರೆ ಸರಕಾರಿ ಪುಸ್ತಕ ಅಂದರೆ ಮತ್ತೆ ನನ್ನ ತಲೆಯ ಮೇಲೆ. ಮತ್ತೆ ಬೆಳಗ್ಗೆ ಎದ್ದು ಏನು, ಹೇಗೆ, ಎಷ್ಟು. ಅಡಿಗೆ, ಬಟ್ಟೆ, ಅತ್ತೆಯ ಬಿಪಿ ಗುಳಿಗೆ, ಸಾಗರನ ಶಿಫ್ಟು, ಇವೆಲ್ಲದರ ನಡುವೆ ಬೋರಲು ಬಿದ್ದ ಪುಸ್ತಕವನ್ನು ದಿನಕ್ಕೆ ಹತ್ತು ಸಲ ಎತ್ತಿ ನೆಟ್ಟಗಿಡುವುದು. ನನ್ನ ಕೈಲಾಗದು. ಫಾದರನ್ನು ಕೇಳಿದೆ. ಅವರು ಪ್ರಾರ್ಥನೆ ಮಾಡ್ರಿ ಅಂದರು. ಪ್ರಾರ್ಥನೆ ಮಾಡಲಿಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ಕೊನೆಗೆ ಅತ್ತೆಯೇ ಚೀಟಿ ಹಾಕೋಣ ಅಂದರು.

ಅದು ನಮ್ಮ ಮಾವನವರು ಮಾಡಿಟ್ಟ ಪದ್ಧತಿ. ಊರಿಗೆ ಅವರು ದುರ್ಗಪ್ಪ, ಚರ್ಚಿನ ಪುಸ್ತಕದಲ್ಲಿ ಜೋಸೆಫ್. ಮನೆಯಲ್ಲಿ ಮಾತು ಬಗೆಹರಿಯದಿದ್ದರೆ ಮೂರು ಚೀಟಿ ಬರೆದು ಮಡಚಿ ಯೇಸುವಿನ ತಾಯಿ ಮರಿಯಮ್ಮನ ಮೂರ್ತಿಯ ಪಾದದಲ್ಲಿ ಇಡುವುದು. ಜಪಸರ ಮುಗಿದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಸಣ್ಣ ಕೈ ಒಂದನ್ನು ಎತ್ತುವುದು. ಉಳಿದ ಎರಡನ್ನು ಯಾರೂ ಬಿಚ್ಚುವ ಹಾಗಿಲ್ಲ, ಮೇಣದಬತ್ತಿಗೆ ಹಿಡಿದು ಸುಡಬೇಕು. ಆಗದೆ ಹೋದದ್ದನ್ನು ನೋಡಿದರೆ ಮನಸ್ಸು ಅಲ್ಲೇ ಸುಳಿಯುತ್ತದೆ ಎನ್ನುತ್ತಿದ್ದರಂತೆ.

ಮೀನಾಳ ಹೆಸರು ಇಟ್ಟದ್ದೂ ಹಾಗೇ. ಅತ್ತೆಗೆ ಮರಿಯಾ ಬೇಕಿತ್ತು, ನನ್ನ ತವರಿನವರಿಗೆ ರೋಸಿ, ಸಾಗರನಿಗೆ ಮೀನಾ. ಮೀನಾ ಬಂತು. ಅದಾದ ವಾರಕ್ಕೆ ಸಾಗರ ನನ್ನ ಕಿವಿಯಲ್ಲಿ ಹೇಳಿದ. ಬರೆದವನು ಅವನೇ, ಮೂರು ಚೀಟಿಯಲ್ಲೂ ಮೀನಾ ಅಂತಲೇ ಬರೆದಿದ್ದ. ಅವ್ವನಿಗೆ ಹೇಳಬೇಡ ಅಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ ನಾನು ಅವತ್ತು. ಈಗ ಬರೆಯುವ ಪಾಳಿ ನನಗೆ ಬಂದಾಗ ಅದೇ ನೆನಪಾಯಿತು.

ಶನಿವಾರ ಸಂಜೆ, ಇನ್ನೂ ಬೆಳಕಿತ್ತು. ಸಾಗರನ ಟಿಕೆಟ್ ಮಶೀನಿನ ರೋಲಿನಿಂದ ಮೂರು ಚೂರು ಹರಿದೆ. ಅತ್ತೆ ನನ್ನ ಎದುರಿಗೇ ಜಪಸರ ಹಿಡಿದು ಕೂತಿದ್ದರು, ನಾನು ಬರೆಯುವುದನ್ನೇ ನೋಡುತ್ತಿದ್ದರು. ಅವರ ಕಣ್ಣ ಮುಂದೆಯೇ ಬರೆದೆ. ಗೋವಾ. ಗೋವಾ. ಗೋವಾ. ದೇವರ ಮುಂದೆ ಮೋಸ ಎಂದು ಅನ್ನಿಸಿತು, ಇಲ್ಲವೆನ್ನುವುದಿಲ್ಲ. ಮೂರು ಹೊತ್ತೂ ದುಡಿಯುವವಳಿಗೆ ಇಷ್ಟೂ ಬಿಟ್ಟುಕೊಡದಿದ್ದರೆ ನೀನು ಎಂಥ ತಾಯಿ ಎಂದು ಮರಿಯಮ್ಮನ ಜೊತೆಗೇ ಮನಸ್ಸಿನಲ್ಲಿ ಜಗಳ ತೆಗೆದು, ಚೀಟಿ ಮಡಚಿ ಇಟ್ಟೆ.

ಜಪಸರ ಮುಗಿಯಿತು. ಮೀನಾ ಎದ್ದು ಹೋಗಿ ನಡುವಿನ ಚೀಟಿ ಎತ್ತಿ ಅವಳಪ್ಪನಿಗೆ ಕೊಟ್ಟಳು. ಸಾಗರ ಬಿಚ್ಚಿ ಗೋವಾ ಎಂದು ಓದಿದ. ಮುಖ ಸ್ವಲ್ಪ ಸಪ್ಪೆಯಾಯಿತು, ಆದರೂ ಚೀಟಿಯನ್ನು ಮಗಳ ಕೈಗೇ ಮರಳಿ ಕೊಟ್ಟ. ಅತ್ತೆ ಶಿಲುಬೆ ಗುರುತು ಹಾಕಿಕೊಂಡು, ತಾಯಿ ಹೇಳಿದ ಮೇಲೆ ಮುಗಿಯಿತು ಅಂದರು. ಅವರು ಹಾಗೆ ತಕ್ಷಣ ಒಪ್ಪಿದ್ದೇ ನನಗೆ ಚುಚ್ಚಿತು. ಬೇಗ ಉಳಿದೆರಡನ್ನು ಸುಟ್ಟುಬಿಡೋಣ ಎಂದು ಎದ್ದೆ. ಮೊಣಕಾಲೂರಿ ಕೂತು ಕಾಲು ಜೋಮು ಹಿಡಿದಿತ್ತು. ಗೋಡೆ ಹಿಡಿದು ನಿಲ್ಲುವಷ್ಟರಲ್ಲಿ ಮೀನಾ ಎರಡನ್ನೂ ಬಿಚ್ಚಿದ್ದಳು.

ಬೋರಲು ಹಾಕಲಿಲ್ಲ. ಮೂರನ್ನೂ ನೆಲದ ಮೇಲೆ ಸಾಲಾಗಿ ಇಟ್ಟು, ಬಗ್ಗಿ, ಒಂದೊಂದನ್ನೇ ನೋಡಿದಳು.

"ಇದರಾಗೂ ಗೋವಾ ಐತಿ," ಅಂದಳು. ಆಮೇಲೆ ಇನ್ನೊಂದರ ಮೇಲೆ ಬೆರಳಿಟ್ಟಳು. "ಇದರಾಗೂ."

ನನ್ನೊಳಗಿನ ಟೀಚರು ತಕ್ಷಣ ಎದ್ದು ಕೂತಳು. ಇದು ಓದಲ್ಲ, ಅಪ್ಪ ಹೇಳಿದ್ದು ಕಿವಿಯಲ್ಲಿತ್ತು, ಮೂರೂ ಒಂದೇ ಥರ ಇವೆ ಎಂದು ಹೋಲಿಸಿದಳು ಅಷ್ಟೆ. ಆದರೆ ಎಲ್ಲ ಮಕ್ಕಳೂ ಮೊದಲು ಮಾಡುವುದು ಅದನ್ನೇ. ಅದು ನನಗೆ ಗೊತ್ತಿತ್ತು. ನನಗಾದದ್ದು ಸಿಕ್ಕಿಬಿದ್ದ ನಾಚಿಕೆಯೋ ಖುಷಿಯೋ ನನಗೇ ತಿಳಿಯಲಿಲ್ಲ.

ಅತ್ತೆ ಮಗನನ್ನು ಕೇಳಿದರು, ಹುಡುಗಿ ಹೇಳುವುದು ಖರೆಯೇ ಎಂದು. ಸಾಗರ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಬೈಯಬೇಕೆಂದರೂ ಅವನಿಗೆ ಬಾಯಿಲ್ಲ, ಈ ವಿದ್ಯೆ ಕಲಿಸಿದವನೇ ಅವನು. ಹೌದವ್ವಾ ಎಂದು ತಲೆ ತಗ್ಗಿಸಿದ. ಅತ್ತೆ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಹೆತ್ತವರು, ಅವರಿಗೆ ಅಕ್ಷರ ಬೇಕಾಗಲಿಲ್ಲ.

"ಇಕಿ ಹೆಸರ ಇಟ್ಟಾಗೂ ಹಿಂಗ ಮಾಡಿದ್ದೆಲ್ಲೊ," ಅಂದರು.

ಅತ್ತೆ ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರು ಜಪಸರವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದರು.

"ನನ್ನ ಕಣ್ಣ ಮುಂದನ ಕುಂತ ಬರದಿ ಸಪ್ನಾ. ಓದಾಕ ಬರಲಾರದವರಿಗೆ ಏನೂ ತಿಳಿಯೂದಿಲ್ಲ ಅಂತ ತಿಳಕೊಂಡಿ."

ಆ ಮಾತು ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು. ಆದರೆ ಅದು ಹೋಗಿ ತಾಗಿದ್ದು ಬೇರೆ ಕಡೆ. ಕಿತ್ತೂರಿನ ಆ ಪಡಸಾಲೆ ಕಣ್ಣ ಮುಂದೆ ಬಂತು. ನಾನು ಇವಳ ತಲೆಗೆ ಏನೂ ಹತ್ತುವುದಿಲ್ಲ ಎನ್ನುತ್ತಿದ್ದಾಗ ಬಿಸ್ಕೀಟಿನ ಅಂಚು ಕಡಿಯುವುದು ನಿಂತಿತ್ತು. ಅವತ್ತು ನಾನು ಅದನ್ನು ಕಂಡೂ ಕಾಣಲಿಲ್ಲ. ಡಾಕ್ಟರ ಮುಂದೆ, ಹೆಡ್‌ಮಿಸ್ಸಿನ ಮುಂದೆ, ಫೋನಿನಲ್ಲಿ ನನ್ನ ತಂಗಿಯ ಮುಂದೆ, ಎಷ್ಟು ಸಲ ಅಂದಿದ್ದೆನೋ. ಮಗಳು ಅಲ್ಲೇ ಕೂತಿರುತ್ತಿದ್ದಳು. ನಾಚಿಕೆಯಿಂದ ಸತ್ತೇಹೋದೆ.

"ತಪ್ಪಾತ್ರಿ ಅತ್ತಿ," ಅಂದೆ.

"ನನಗೇನ ಹೇಳ್ತಿ. ಈಗ ಖರೇ ಬರಿ. ಆಕಿ ಮುಂದ ಕುಂತ ಬರಿ, ಆಕಿ ನೋಡ್ಲಿ."

ಮೀನಾಳ ಎದುರು ಕೂತೆ. ಮತ್ತೆ ಮೂರು ಚೂರು ಹರಿದೆ. ದೊಡ್ಡದಾಗಿ, ನಿಧಾನವಾಗಿ ಬರೆದೆ. ಗೋವಾ. ಪುಣೆ. ಸರಕಾರಿ. ಅವಳು ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು, ಅವಳ ಉಸಿರು ನನ್ನ ಕೈಗೆ ತಾಗುತ್ತಿತ್ತು. ಮಡಚಬೇಕೆಂದು ಮೊದಲನೆಯದಕ್ಕೆ ಕೈ ಹಾಕಿದರೆ ತಡೆದಳು. ಗೋವಾ ಎಂಬ ಚೀಟಿಯ ಮೇಲೆ ಬೆರಳಿಟ್ಟು, ಇದು ನನಗೆ ಗೊತ್ತಿರುವುದೇ ಎಂಬ ಹಾಗೆ ಪಕ್ಕಕ್ಕೆ ಸರಿಸಿದಳು. ಎರಡನೆಯದನ್ನು ಹತ್ತಿರ ಎಳೆದುಕೊಂಡಳು.

"ಇದ ಏನ ಮಮ್ಮಿ?"

ಒಂಬತ್ತು ವರ್ಷ ಕಾಯ್ದಿದ್ದೆ ನಾನು ಈ ಮಾತಿಗೆ. ಪುಣೆ ಎಂದು ಹೇಳಿದೆ. ಅವಳು ಪುಣೆ ಎಂದಳು, ಚೀಟಿ ನೋಡಿದಳು, ಇನ್ನೊಮ್ಮೆ ಪುಣೆ ಎಂದಳು. ಅತ್ತೆ ಕೂತಲ್ಲಿಂದಲೇ ಸರಿದು ಬಂದು ಅವಳ ಹೆಗಲ ಮೇಲಿಂದ ಬಗ್ಗಿ, ಎಲ್ಲೈತಿ, ನನಗೂ ತೋರಸು ಅಂದರು. ಮೀನಾ ಅವರ ಬೆರಳು ಹಿಡಿದು ಚೀಟಿಯ ಮೇಲೆ ಇಟ್ಟಳು.

ನಾಳೆ ಬೆಳಗ್ಗೆ ಏನು ಕಲಿಸಬೇಕು, ಎಷ್ಟು ಹೊತ್ತಿಗೆ ಕಿಟಕಿ ತೆರೆಯಬೇಕು ಎಂಬುದು ನನಗೆ ಆಗಲೂ ಗೊತ್ತಿರಲಿಲ್ಲ. ಮೈಯ ದಣಿವು ಒಂದು ಚೂರೂ ಇಳಿದಿರಲಿಲ್ಲ. ಮೇಣದಬತ್ತಿ ಸುಮ್ಮನೆ ಉರಿಯುತ್ತಿತ್ತು.

"ಮತ್ತ ಇದು?" ಎಂದು ಮೀನಾ ಮೂರನೆಯದರ ಮೇಲೆ ಬೆರಳಿಟ್ಟಳು. ಅದು ಉದ್ದದ ಮಾತು, ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಚೀಟಿಗಳನ್ನು ಅವತ್ತು ಯಾರೂ ಮಡಚಲಿಲ್ಲ.