ಮೊದಲನೇ ಡಿಕಾಕ್ಷನ್

ಅಜ್ಜಿ ಕಬ್ಬಿಣದ ಬಾಣಲೆಯಲ್ಲಿ ಕಾಫಿಬೀಜ ಹುರಿಯುವಾಗ ಆ ವಾಸನೆ ಮೈಸೂರಿನ ನಮ್ಮ ಬೀದಿಯ ತುದಿಯವರೆಗೂ ಹೋಗುತ್ತಿತ್ತು. ಒಮ್ಮೆ ಡಿಕಾಕ್ಷನ್ ಇಳಿಸಿದ ಪುಡಿಗೇ ಮತ್ತೆ ಬಿಸಿನೀರು ಹೊಯ್ದು ತೆಗೆದ ತೆಳು ಡಿಕಾಕ್ಷನ್ ಮನೆಯವರಿಗೆ. ಬಂದವರಿಗೆ ಮೊದಲನೆಯದೇ. ಅಮೆರಿಕದ ಸ್ನೊಕ್ವಾಲ್ಮಿಗೆ, ಮಗಳ ಮನೆಗೆ ಬಂದು ಒಂಬತ್ತು ವರ್ಷವಾದರೂ ನಾನು ಆ ರೂಢಿ ಬಿಟ್ಟಿರಲಿಲ್ಲ.

ಪಕ್ಕದ ಮನೆಯ ಪೀರ್ ಪಾಷಾ ಕೂಡ ಮೈಸೂರಿನವರು. ಮಂಗಳವಾರ ಕಸದ ಲಾರಿ ಹೋದ ಮೇಲೆ ನಮ್ಮ ಡಬ್ಬವನ್ನೂ ಎಳೆದು ತಂದು ಜಾಗದಲ್ಲಿಡುತ್ತಿದ್ದರು. ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ದಿನವೂ ವಾಕಿಂಗ್ ಮುಗಿಸಿ ನಮ್ಮಲ್ಲಿ ಕಾಫಿ ಕುಡಿಯುತ್ತಿದ್ದರು.

ಚಳಿಗಾಲದಲ್ಲಿ ಅವರ ಎದೆಬಡಿತ ತಾಳ ತಪ್ಪಿತು. ಡಾಕ್ಟರು ಮಾತ್ರೆ ಕೊಟ್ಟು, ಕಾಫಿ ನಿಮಗೆ ಒಗ್ಗುತ್ತಿಲ್ಲ, ಬೇಕೇ ಬೇಕೆಂದರೆ ತೆಳ್ಳಗೆ ಅರ್ಧ ಲೋಟ ಎಂದರಂತೆ.

"ಅಕ್ಕಾ, ಇನ್ಮೇಲೆ ನಂಗೆ ಸೆಕೆಂಡ್ ಡಿಕಾಕ್ಷನ್ನೇ ಸಾಕು."

"ಆಯ್ತು" ಎಂದೆ. ಲೋಟ ಚಿಕ್ಕದು ಮಾಡಿದೆ, ಹಾಲು ಹೆಚ್ಚು ಹಾಕಿ ಬಣ್ಣ ಮರೆಸಿದೆ. ಮನೆಗೆ ಬಂದವರಿಗೆ ಎರಡನೆಯದನ್ನು ಹೊಯ್ಯಲು ಮಾತ್ರ ಕೈ ಬರಲಿಲ್ಲ.

"ಏನಕ್ಕಾ, ನಿಮ್ಮ ಸೆಕೆಂಡೇ ಇಷ್ಟು ಜೋರಾಗಿದೆ! ನಮ್ಮನೇಲಿ ಫಸ್ಟೂ ಹಿಂಗಿರಲ್ಲ. ನಮ್ಮ ಬೇಗಂಗೆ ಮಾತ್ರ ಹೇಳ್ಬೇಡಿ" ಎಂದು ನಗುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಕಳೆದ ಗುರುವಾರ ಅವರು ಮತ್ತೆ ಆಸ್ಪತ್ರೆ ಸೇರಿದರು. ಮರುದಿನ ಅವರ ಹೆಂಡತಿ ಹಬೀಬುನ್ನೀಸಾ ಬಟ್ಟೆ ಒಯ್ಯಲು ಮನೆಗೆ ಬಂದಾಗ ಸಿಕ್ಕರು.

"ಹೇಳಿದ್ದೆಲ್ಲಾ ಪಾಲಿಸ್ತಿದಾರೆ ಅಕ್ಕಾ. ಆದ್ರೂ ಹಿಂಗಾಯ್ತು. ಮಾತ್ರೆ ಕೆಲ್ಸ ಮಾಡ್ತಿಲ್ಲ ಅಂತ ಇವತ್ತಿಂದ ಡೋಸ್ ಜಾಸ್ತಿ ಮಾಡ್ತಾರಂತೆ."

ನಾನು ಒಳಗೆ ಬಂದೆ. ಫಿಲ್ಟರ್ ಒಲೆಯ ಪಕ್ಕದಲ್ಲೇ ಇತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಕಾರು ಸ್ಟಾರ್ಟ್ ಆದದ್ದು ಕೇಳಿ, ಮನೆಯ ಚಪ್ಪಲಿಯಲ್ಲೇ ಓಡಿದೆ.

"ಹಬೀಬಾ, ನಾಲ್ಕು ತಿಂಗಳು ಅವರಿಗೆ ಗಟ್ಟಿ ಡಿಕಾಕ್ಷನ್ನೇ ಕೊಟ್ಟಿದೀನಿ. ಪಾಪ, ಅವರಿಗೆ ಗೊತ್ತಿಲ್ಲ. ಡಾಕ್ಟರಿಗೆ ಹೇಳಮ್ಮ."

ಆಕೆ ಸ್ಟಿಯರಿಂಗ್ ಹಿಡಿದೇ ನನ್ನನ್ನು ನೋಡಿದರು. "ಅವ್ರು ಕೇಳಿದ್ದನ್ನ ಕೊಡೋಕೆ ಏನಾಗಿತ್ತಕ್ಕಾ?"

ಅವರು ಅಲ್ಲೇ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ, ಹೊರಟುಹೋದರು.

ಭಾನುವಾರ ಪಾಷಾ ಮನೆಗೆ ಬಂದರು. ಡೋಸ್ ಹೆಚ್ಚಿಸಲಿಲ್ಲವಂತೆ. ಕಾಫಿಯಿಂದಲೇ ಹೀಗಾಯಿತೆಂದು ಹೇಳಲಾಗದು ಎಂದರಂತೆ ಡಾಕ್ಟರು. ಮಗಳು ಇದನ್ನು ನನಗೆ ಎರಡು ಸಲ ಹೇಳಿದಳು. ನನಗೆ ಊಟ ಸೇರಲಿಲ್ಲ. ಅವರ ಮನೆಯ ಬೆಲ್ ಒತ್ತುವ ಧೈರ್ಯವೂ ಬರಲಿಲ್ಲ.

ಮಂಗಳವಾರ ಎರಡು ಮನೆಯ ಕಸದ ಡಬ್ಬಗಳೂ ರಸ್ತೆಬದಿಯಲ್ಲೇ ನಿಂತಿದ್ದವು. ನಮ್ಮದನ್ನು ಎಳೆದು ತಂದೆ. ಆಮೇಲೆ ಅವರದನ್ನೂ ನಿಧಾನವಾಗಿ ಎಳೆದುಕೊಂಡು ಹೋಗಿ ಗ್ಯಾರೇಜಿನ ಪಕ್ಕ ಇಟ್ಟೆ. ತಿರುಗಿದರೆ ಬಾಗಿಲಲ್ಲಿ ಹಬೀಬುನ್ನೀಸಾ. ಮಾಂಸ ತಿನ್ನದ ನನಗೆಂದೇ ಬೇರೆ ಎತ್ತಿಟ್ಟಿರುತ್ತಿದ್ದ ಸ್ಟೀಲ್ ಡಬ್ಬಿ ಅವರ ಕೈಯಲ್ಲಿತ್ತು. ಬಿಸಿ ಅನ್ನ, ಬೇಳೆ ಸಾರಿನ ಹಬೆಗೆ ಮುಚ್ಚಳ ಒದ್ದೆಯಾಗಿತ್ತು. ಸುಡದಿರಲೆಂದು ಸೆರಗಿನ ತುದಿಯಿಂದ ಅದರ ತಳ ಹಿಡಿದು, ನನ್ನ ಕೈಗಿಟ್ಟರು.